ಒಂದೇ ಒಂದು ಬೈಟ್ ತಪ್ಪಿದರೆ
ನಿಲಕ್ಕೋಟ್ಟೈ ಹೂವಿನ ಮಾರುಕಟ್ಟೆ. ಮಲ್ಲಿಗೆ ತೂಗೋ ಎಲೆಕ್ಟ್ರಾನಿಕ್ ತಕ್ಕಡಿ ನೋಡಿ. ಅದರ ಚಿಪ್‌ನೊಳಗಿನ ಪ್ರೋಗ್ರಾಂ ಬರೀ ಅಂಕಿಗಳ ಸಾಲು. ಓದೋದು ಹೇಗೆ?

ಆ ಅಂಕಿಗಳನ್ನ ಚಿಪ್‌ಗೆ ಕೊಟ್ಟ ಸೂಚನೆಗಳ ಹೆಸರಾಗಿ ಬರೆದು ತೋರಿಸೋ ಡಿಸ್‌ಅಸೆಂಬ್ಲರ್ ಬೇಕು. ಅದು ಮಾಡೋದು ಅನುವಾದ ಅಲ್ಲ, ಹೆಚ್ಚುಕಮ್ಮಿ ಲಿಪಿ ಬದಲಾವಣೆ. ಕಂಬಂ ಕಣಿವೆಯ ಕನ್ನಡ ಮನೆಗಳಲ್ಲಿ ಮಾತು ಕನ್ನಡ, ಬರೆಯೋದು ತಮಿಳು ಅಕ್ಷರದಲ್ಲಿ ಅಲ್ವಾ, ಹಾಗೆ.

ಉದಾಹರಣೆಗೆ ಲ್ಯಾಪ್‌ಟಾಪಿನ ಇಂಟೆಲ್ ಚಿಪ್ ತಗೊಳ್ಳಿ. ಹದಿನಾರರ ಅಂಕಿ ಪದ್ಧತಿಯಲ್ಲಿ ಬರೆದ ಆರು ಬೈಟ್: ಬಿ8, 05, 00, 00, 00, ಸಿ3.

ಬಿ8 ಅಂದರೆ 'ಮೂವ್': ಮುಂದಿನ ನಾಲ್ಕು ಬೈಟ್‌ನಲ್ಲಿರೋ ಸಂಖ್ಯೆಯನ್ನ ಚಿಪ್‌ನೊಳಗಿನ ಇಎಎಕ್ಸ್ ಅನ್ನೋ ಖಾನೆಗೆ (ರಿಜಿಸ್ಟರಿಗೆ) ಹಾಕು. ಸಂಖ್ಯೆ 5. ಸಿ3 ಅಂದರೆ 'ರೆಟ್', ಕರೆದವರ ಹತ್ರ ವಾಪಸ್ ಹೋಗು.

ಈಗ ಒಂದು ಬೈಟ್ ಬಿಟ್ಟು 05ರಿಂದ ಓದಿ. 05 ಅಂದರೆ 'ಆಡ್', ಕೂಡು! ಅದಕ್ಕೂ ಮುಂದಿನ ನಾಲ್ಕು ಬೈಟ್ ಬೇಕು, ಹಾಗಾಗಿ ಸಿ3 ಕೂಡ ಅದರ ಹೊಟ್ಟೆಗೇ ಹೋಯ್ತು. ಪದಗಳ ನಡುವೆ ಜಾಗ ಬಿಡದ ಹಳೇ ಶಾಸನದ ಪಾಡು.

ಆಬ್ಜ್‌ಡಂಪ್ ಅನ್ನೋ ಡಿಸ್‌ಅಸೆಂಬ್ಲರ್ ಸಾಲಾಗಿ ಓದ್ಕೊಂಡು ಹೋಗುತ್ತೆ. ನಡುವೆ ಡೇಟಾ ಸಿಕ್ಕರೆ ಎಡವಬಹುದು. 2019ರಲ್ಲಿ ಅಮೆರಿಕದ ಎನ್‌ಎಸ್‌ಎ ಬಿಟ್ಟಿಯಾಗಿ ಕೊಟ್ಟ ಗೀಡ್ರಾ (ಬೇಹುಗಾರರ ಔದಾರ್ಯ ನೋಡಿ!) ಜಂಪ್, ಕಾಲ್ ಸೂಚನೆಗಳ ಜಾಡು ಹಿಡಿದು ಹೋಗುತ್ತೆ.

ಪ್ರೋಗ್ರಾಮರ್ ಬರೆದಿಟ್ಟ ಕಾಮೆಂಟ್‌ಗಳು ಮಾತ್ರ ಸಿಗಲ್ಲ. ಕಂಪೈಲರ್ ಅವನ್ನ ಆಗಲೇ ಬಿಸಾಕಿರುತ್ತೆ.