ನೋವಾದರೂ ಹೇಳದ ಬೊಂಬೆ: ಕ್ಯಾಥೆಟರ್ ಹಾಕೋದನ್ನು ಕಲಿಯೋದು ಹೇಗೆ?

ಆಸ್ಪತ್ರೆಯಲ್ಲಿ "ಯೂರಿನ್ ಪೈಪ್ ಹಾಕಿದ್ದಾರೆ" ಅನ್ನೋ ಮಾತನ್ನು ನಾವೆಲ್ಲ ಕೇಳಿರ್ತೀವಿ. ಸಾಮಾನ್ಯವಾಗಿ ಅದು ಫೋಲೀ ಕ್ಯಾಥೆಟರ್. ಮೂತ್ರನಾಳದ ಮೂಲಕ ಮೂತ್ರಕೋಶ ಸೇರಿದ ಮೇಲೆ ತುದಿಯ ಹತ್ತಿರದ ಪುಟ್ಟ ಬಲೂನನ್ನು ಉಬ್ಬಿಸಿದರೆ ಜಾರದೆ ನಿಲ್ಲುತ್ತದೆ. ನರ್ಸಿಂಗ್ ಮತ್ತು ಮೆಡಿಕಲ್ ವಿದ್ಯಾರ್ಥಿಗಳು ಇದನ್ನು ಮೊದಲು ಬೊಂಬೆಯ ಮೇಲೆ ಕಲಿಯುತ್ತಾರೆ. ಸಿಲಿಕೋನ್ ಅಥವಾ ರಬ್ಬರಿನ ಸೊಂಟದ ಭಾಗ, ಒಳಗೆ ನೀರಿನ ಟ್ಯಾಂಕು, ನಡುವೆ ಒಂದು ವಾಲ್ವು, ಅಷ್ಟೇ. ನಮ್ಮ ಫ್ಲೂಯಿಡ್ ಮೆಕ್ಯಾನಿಕ್ಸ್ ಲ್ಯಾಬಿನ ತಮ್ಮ ಅನ್ನಬಹುದು!

ಮೊದಲ ಪ್ರಶ್ನೆ ಸೈಜಿನದು. ಕ್ಯಾಥೆಟರ್ ಮೇಲೆ 14, 16 ಅಂತ ಬರೆದಿರೋದು ಫ್ರೆಂಚ್ ಅಳತೆ. 3ರಿಂದ ಭಾಗಿಸಿದರೆ ಹೊರವ್ಯಾಸ ಮಿಲಿಮೀಟರಿನಲ್ಲಿ ಸಿಗುತ್ತದೆ; 16 ಅಂದರೆ ಸುಮಾರು 5.3 ಮಿ.ಮೀ. ಬಾಲಿನ ಬಣ್ಣ ನೋಡಿಯೂ ಗುರುತಿಸಬಹುದು: 14 ಹಸಿರು, 16 ಕಿತ್ತಳೆ, 18 ಕೆಂಪು.

ಪೈಪಿನ ಲೆಕ್ಕ ಮಾಡಿದವರಿಗೆ ಇಲ್ಲೊಂದು ಆಸೆ ಹುಟ್ಟುತ್ತದೆ. ಹರಿವು ತ್ರಿಜ್ಯದ ನಾಲ್ಕನೇ ಘಾತದಂತೆ ಏರುತ್ತೆ, ಹಾಗಾಗಿ 14ರ ಬದಲು 16 ಹಾಕಿದರೆ ಹೆಚ್ಚುಕಡಿಮೆ 1.7 ಪಟ್ಟು. ದೊಡ್ಡದೇ ಹಾಕೋಣ ಬಿಡಿ ಅಂತೀರಾ? ಬೇಡ. ದಿನಕ್ಕೆ ಒಂದೂವರೆ ಲೀಟರ್ ಮೂತ್ರ ಅಂದರೆ ನಿಮಿಷಕ್ಕೆ ಸುಮಾರು 1 ಮಿ.ಲೀ. ಮಾತ್ರ. ಅದಕ್ಕೆ 14 ಧಾರಾಳ ಸಾಕು. ದಪ್ಪ ಪೈಪು ನಾಳದ ಗೋಡೆಯನ್ನು ಉಜ್ಜುತ್ತದೆ. ರಕ್ತದ ಹೆಪ್ಪು ಬರುತ್ತಿದ್ದರೆ ಮಾತ್ರ 20, 22ರಂಥ ದೊಡ್ಡ ಸೈಜು ಬೇಕಾಗುತ್ತದೆ. ಕೆಲಸ ಆಗೋ ಅತಿ ಚಿಕ್ಕ ಸೈಜೇ ಸರಿಯಾದ ಸೈಜು. ಅದಕ್ಕಿಂತ ಮುಂಚೆ, ಪೈಪು ನಿಜವಾಗಿ ಬೇಕಾ ಅಂತಲೂ ಕೇಳಬೇಕು. ಅದು ಒಳಗಿದ್ದಷ್ಟು ದಿನವೂ ಸೋಂಕಿನ ಅಪಾಯ ಏರ್ತಾ ಹೋಗುತ್ತದೆ.

ಕೈ ತೊಳೆಯೋದು, ಸ್ಟೆರೈಲ್ ಗ್ಲೌಸ್, ಶುಚಿ ಮಾಡೋದು, ಜೆಲ್ಲು — ಈ ಕ್ರಮ ಬೊಂಬೆಯ ಮೇಲೆ ಚೆನ್ನಾಗಿ ರೂಢಿಯಾಗುತ್ತದೆ. ಕೈಗೆ ಸಿಗೋ ಸ್ಪರ್ಶ ಮಾತ್ರ ಮೋಸ ಮಾಡುತ್ತೆ. ಸಿಲಿಕೋನಿನ ಘರ್ಷಣೆ ಒದ್ದೆಯಾದ ಜೀವಂತ ಪೊರೆಯಂತಲ್ಲ. ಬೊಂಬೆಯಲ್ಲಿ ಒತ್ತಿ ತಳ್ಳಿ ಅಭ್ಯಾಸವಾದ ಕೈ ರೋಗಿಯ ಮೇಲೂ ಒತ್ತಿಬಿಡಬಹುದು. ರೋಗಿಯಲ್ಲಿ ತಡೆ ಸಿಕ್ಕರೆ ಬಲ ಹಾಕಬಾರದು, ನಿಲ್ಲಬೇಕು.

ನಮಗೆ ಹೆಚ್ಚು ಚಿಂತೆ ಬಲೂನಿನದು. ಹೆಂಗಸರ ಮೂತ್ರನಾಳ ಸುಮಾರು 4 ಸೆಂ.ಮೀ., ಗಂಡಸರದು ಸುಮಾರು 20. ಮೂತ್ರ ಬರುವ ರಂಧ್ರ ತುದಿಯಲ್ಲಿದ್ದರೆ ಬಲೂನು ಅದಕ್ಕಿಂತ ಸ್ವಲ್ಪ ಹಿಂದಿರುತ್ತದೆ. ಅಂದರೆ ಮೂತ್ರ ಕಂಡ ಕ್ಷಣದಲ್ಲಿ ಬಲೂನು ಇನ್ನೂ ನಾಳದಲ್ಲೇ ಇರಬಹುದು! ಅದಕ್ಕೇ ಗಂಡಸರಲ್ಲಿ ಪೈಪು ಕವಲೊಡೆಯೋ ಜಾಗದವರೆಗೂ ಒಳಗೆ ಕಳಿಸಿ, ಮೂತ್ರ ಬರ್ತಿದೆ ಅಂತ ಖಚಿತ ಮಾಡಿಕೊಂಡು, ಆಮೇಲೆ ಸ್ಟೆರೈಲ್ ನೀರು ತುಂಬಿಸಬೇಕು. 10 ಮಿ.ಲೀ. ನೀರು ಗೋಲವಾದರೆ ವ್ಯಾಸ ಸುಮಾರು 2.7 ಸೆಂ.ಮೀ. ಆರು ಮಿಲಿಮೀಟರೂ ಇಲ್ಲದ ಪೈಪು ಹಿಡಿಸೋ ದಾರಿಯಲ್ಲಿ ಅಷ್ಟು ದೊಡ್ಡದು ಉಬ್ಬಿದರೆ ನಾಳ ಹರಿಯಬಹುದು, ಮುಂದೆ ಗಾಯದ ಕಲೆ ಗಟ್ಟಿಯಾಗಿ ದಾರಿಯೇ ಕಿರಿದಾಗಬಹುದು. ಎಚ್ಚರವಿರೋ ರೋಗಿ "ಅಯ್ಯೋ" ಅಂತಾರೆ. ಸಾದಾ ಬೊಂಬೆ ಏನೂ ಅನ್ನಲ್ಲ.

ಇಲ್ಲಿ ನಮ್ಮಂಥವರಿಗೆ ಕೆಲಸವಿದೆ. ಸಿರಿಂಜಿನ ಹತ್ತಿರ ಪ್ರೆಶರ್ ಅಳೆಯಬಹುದು, ಆದರೆ ಬಲೂನಿನ ರಬ್ಬರಿಗೇ ಒಂದಷ್ಟು ಪ್ರೆಶರ್ ಬೇಕು, ಅದನ್ನು ಪ್ರತಿ ಸಲ ಕಳೀಬೇಕು. ಬೊಂಬೆಯ ನಾಳದ ಗೋಡೆಯಲ್ಲಿ, ಮೂತ್ರಕೋಶಕ್ಕೆ ಸ್ವಲ್ಪ ಮುಂಚೆ, ತೆಳುವಾದ ಫೋರ್ಸ್ ಸೆನ್ಸರ್ ಇಡೋದು ವಾಸಿ ಅಂತ ನಮಗನ್ನಿಸುತ್ತೆ. ಪೈಪು ಹಾದುಹೋಗುವಾಗಿನ ಒತ್ತಡಕ್ಕೆ ಸುಮ್ಮನಿದ್ದು, ಬಲೂನು ಉಬ್ಬೋಕೆ ಶುರುವಾದ ತಕ್ಷಣ ಬಜರ್ ಕೂಗಬೇಕು. ಆ ಎರಡರ ನಡುವಿನ ಗೆರೆ ಎಲ್ಲಿ ಎಳೆಯಬೇಕು ಅನ್ನೋದನ್ನು ಬೇರೆ ಬೇರೆ ಸೈಜಿನ ಪೈಪು ಹಾಕಿ ನೋಡಿಯೇ ತೀರ್ಮಾನಿಸಬೇಕು.