ನಿಮಗಿದು ಗೊತ್ತೇ? ಮಲಗಿದಾಗ ಕೈ ಹಿಡಿಯುವ ಬಾಂಡು

ಚಾಮರಾಜನಗರದ ಉಮ್ಮತ್ತೂರು ಎಂದೊಡನೆ ಇತಿಹಾಸದ ಮೇಷ್ಟ್ರಿಗೆ ಗಂಗರಾಜನೂ ಅವನ ಮೇಲೆ ದಂಡೆತ್ತಿ ಬಂದ ಕೃಷ್ಣದೇವರಾಯನೂ ನೆನಪಾಗುತ್ತಾರೆ. ನನಗೆ ನೆನಪಾಗುವುದು ಅಲ್ಲಿನ ಮನೆಗಳ ಟ್ರಂಕು. ಮುಚ್ಚಳ ಎತ್ತಿದರೆ ಎಲ್‌ಐಸಿ ಬಾಂಡು, ಸೊಸೈಟಿ ಕೊಟ್ಟ ಯಶಸ್ವಿನಿ ಕಾರ್ಡು, ಬಿಪಿಎಲ್ ಕಾರ್ಡಿನ ಜೆರಾಕ್ಸು, ಪಾಸ್‌ಬುಕ್ಕು. ಮಗ ಬದನಗುಪ್ಪೆಯ ಕಾರ್ಖಾನೆಗೆ ಹೋಗುತ್ತಿದ್ದರೆ ಒಂದು ಇಎಸ್‌ಐ ಚೀಟಿ. ಎಲ್ಲವನ್ನೂ ಒಟ್ಟಿಗೆ ‘ಇನ್ಸೂರೆನ್ಸು’ ಎಂದೇ ಕರೆಯುತ್ತಾರೆ. ಕಂತು ಕೇಳಲು ಬಂದ ಏಜೆಂಟನಿಗೆ ಅಜ್ಜಿಯೊಬ್ಬರು ಹಾಕಿದ ಪ್ರಶ್ನೆ ಇದು: “ಸತ್ ಮ್ಯಾಲ ಬರ ದುಡ್ಡು ನನಗ್ಯಾಕಪ್ಪ? ಮಲಗುದ್ರ ಏನಾರ ಕೊಟ್ಟಾರಾ, ಅದ ಹೇಳು.”

ಆ ಪಾಸ್‌ಬುಕ್ಕಿನಿಂದಲೇ ಶುರು ಮಾಡೋಣ. ವರ್ಷಕ್ಕೊಮ್ಮೆ 436 ರೂಪಾಯಿ ಕಡಿತವಾಗುತ್ತದಲ್ಲ, ಅದು ಜೀವನ ಜ್ಯೋತಿ ವಿಮೆಯ ಕಂತು. 2015ರಲ್ಲಿ ಶುರುವಾದಾಗ 330 ಇತ್ತು. ಖಾತೆದಾರ ತೀರಿಕೊಂಡರೆ ಮನೆಯವರಿಗೆ 2 ಲಕ್ಷ. ಕ್ಯಾನ್ಸರ್ ಬಂದು ಎರಡು ವರ್ಷ ಹಾಸಿಗೆ ಹಿಡಿದರೆ? ಒಂದು ರೂಪಾಯಿಯೂ ಇಲ್ಲ. ಪಕ್ಕದಲ್ಲೇ ಕಡಿತವಾಗುವ 20 ರೂಪಾಯಿ ಅಪಘಾತಕ್ಕೆ ಮಾತ್ರ.

ಕಾಯಿಲೆ ಬಿದ್ದವನ ಕೈಗೇ ಇಡುಗಂಟು ಕೊಡುವ ವಿಮೆಯನ್ನು ಯೋಚಿಸಿದವರು ವಿಮೆಯವರಲ್ಲ, ಒಬ್ಬ ಹೃದಯದ ಸರ್ಜನ್. ದಕ್ಷಿಣ ಆಫ್ರಿಕಾದ ಮೇರಿಯಸ್ ಬರ್ನಾರ್ಡ್. 1967ರ ಡಿಸೆಂಬರ್ 3ರಂದು ಕೇಪ್‌ಟೌನಿನಲ್ಲಿ ಮನುಷ್ಯನಿಂದ ಮನುಷ್ಯನಿಗೆ ಮೊದಲ ಹೃದಯ ಕಸಿ ಮಾಡಿದ ಕ್ರಿಶ್ಚಿಯನ್ ಬರ್ನಾರ್ಡ್ ಇವರ ಅಣ್ಣ. ತಮ್ಮನೂ ಅದೇ ತಂಡದಲ್ಲಿದ್ದರು. ಆ ರೋಗಿ ಬದುಕಿದ್ದು 18 ದಿನ. ಆದರೆ ಮುಂದಿನ ವರ್ಷಗಳಲ್ಲಿ ಮೇರಿಯಸ್ ಕೈಯಲ್ಲಿ ಬದುಕುಳಿದವರು ಹೆಚ್ಚಾಗುತ್ತ ಹೋದರು. ಬದುಕಿದವರು ಕೆಲಸಕ್ಕೆ ಹೋಗಲಾರದೆ, ಸಾಲ ತೀರಿಸಲಾರದೆ ಒದ್ದಾಡುವುದನ್ನೂ ಅವರು ಕಂಡರು. 1983ರಲ್ಲಿ ಒಂದು ಕಂಪನಿಯನ್ನು ಒಪ್ಪಿಸಿ ಹೊಸ ಪಾಲಿಸಿ ಹೊರತಂದರು. ಅದರಲ್ಲಿದ್ದವು ನಾಲ್ಕೇ: ಹೃದಯಾಘಾತ, ಕ್ಯಾನ್ಸರ್, ಪಾರ್ಶ್ವವಾಯು, ಬೈಪಾಸ್ ಶಸ್ತ್ರಚಿಕಿತ್ಸೆ.

ನಮ್ಮ ಎಲ್‌ಐಸಿಯ ‘ಆಶಾ ದೀಪ್’ ನೆನಪಿದೆಯೇ? ಅದರಲ್ಲೂ ನಾಲ್ಕೇ, ಹೃದಯಾಘಾತದ ಬದಲು ಎರಡೂ ಕಿಡ್ನಿ ಕೈಕೊಡುವುದು ಸೇರಿತ್ತು. ಕಾಯಿಲೆ ಖಚಿತವಾದರೆ ಅರ್ಧ ಹಣ ಆಗಲೇ, ಮುಂದೆ ವರ್ಷ ವರ್ಷ ಶೇ. 10, ಕಂತು ಮಾಫಿ.

ಇನ್ನೊಂದು ಲೆಕ್ಕ. 2017ರಲ್ಲಿ ಬಂದ ಎಲ್‌ಐಸಿ ಕ್ಯಾನ್ಸರ್ ಕವರ್‌ನಲ್ಲಿ 10 ಲಕ್ಷದ ಪಾಲಿಸಿ ಇದೆ ಅನ್ನಿ. ಆರಂಭದ ಹಂತದಲ್ಲೇ ಪತ್ತೆಯಾದರೆ ಎರಡೂವರೆ ಲಕ್ಷ. ಬಲಿತದ್ದಾದರೆ ಪೂರ್ತಿ ಮೊತ್ತ (ಮೊದಲು ಕೊಟ್ಟದ್ದನ್ನು ಕಳೆದು), ಆಮೇಲೆ ತಿಂಗಳಿಗೆ 10 ಸಾವಿರದಂತೆ ಹತ್ತು ವರ್ಷ. ರೋಗಿ ನಡುವೆ ತೀರಿಕೊಂಡರೂ ಆ ತಿಂಗಳ ದುಡ್ಡು ನಾಮಿನಿಗೆ ನಿಲ್ಲದೆ ಬರುತ್ತದೆ. ಆದರೆ ಪಾಲಿಸಿ ಮಾಡಿಸಿದ ಮೊದಲ 180 ದಿನದೊಳಗೆ ಕಾಯಿಲೆ ಕಂಡರೆ ಏನೂ ಸಿಗದು.

ಈಗ ಎಲ್ಲರೂ ಎಡವುವ ಜಾಗ. “ಅಣ್ಣನಿಗೆ ಹಾರ್ಟಿಗೆ ಸ್ಟೆಂಟ್ ಹಾಕ್ಸುದ್ರು, ಬಾಂಡಿನ ದುಡ್ಡು ಬಂದೇ ಬತ್ತದ” ಎಂದು ನಂಬಿ ಕೂತವರನ್ನು ನಾನು ಕಂಡಿದ್ದೇನೆ. ಬರಲಿಲ್ಲ. ಏಕೆಂದರೆ ಗಂಭೀರ ಕಾಯಿಲೆಗಳಿಗೆ ವಿಮಾ ನಿಯಂತ್ರಣ ಪ್ರಾಧಿಕಾರ ಗೊತ್ತು ಮಾಡಿರುವ ವ್ಯಾಖ್ಯೆಯಲ್ಲಿ ಬೈಪಾಸ್ ಎಂದರೆ ಎದೆಮೂಳೆ ಕತ್ತರಿಸಿ ಇಲ್ಲವೇ ಕೀಹೋಲ್ ವಿಧಾನದಲ್ಲಿ ಮಾಡಿದ ಬೈಪಾಸ್ ಶಸ್ತ್ರಚಿಕಿತ್ಸೆ. ಆಂಜಿಯೋಪ್ಲಾಸ್ಟಿ ಅದರಿಂದ ಹೊರಗೆ. ಹಾಗಂತ ಕೈಚೆಲ್ಲಬೇಕಿಲ್ಲ. ಸ್ಟೆಂಟ್ ಹಾಕುವ ಮುಂಚೆ ನಿಜವಾಗಿ ಹೃದಯಾಘಾತ ಆಗಿತ್ತು ಎಂಬುದಕ್ಕೆ ಎದೆನೋವಿನ ವಿವರ, ಇಸಿಜಿಯಲ್ಲಿನ ಹೊಸ ಬದಲಾವಣೆ, ರಕ್ತಪರೀಕ್ಷೆ ಮೂರೂ ಇದ್ದರೆ ‘ಹೃದಯಾಘಾತ’ದ ಕೆಳಗೆ ಕೇಳಬಹುದು. ಆದ್ದರಿಂದ ಮೊದಲ ದಿನದ ಇಸಿಜಿ ಚೀಟಿ ಟ್ರಂಕಿಗೆ ಹೋಗಲೇಬೇಕು. ಹಾಗೆಯೇ ಲಕ್ವ: ನಾಲ್ಕು ದಿನ ಬಾಯಿ ಸೊಟ್ಟಗಾಗಿ ಸರಿಹೋದರೆ ಲೆಕ್ಕಕ್ಕಿಲ್ಲ, ಊನ ಕನಿಷ್ಠ 3 ತಿಂಗಳು ಉಳಿದಿರಬೇಕು. ಹುಟ್ಟಿದ ಪದರದಿಂದ ಆಚೆ ಹರಡದ ಕ್ಯಾನ್ಸರ್ ಸಾಮಾನ್ಯ ಗಂಭೀರ ಕಾಯಿಲೆ ಪಾಲಿಸಿಯಲ್ಲಿ ಕ್ಯಾನ್ಸರೇ ಅಲ್ಲ. ಡಾಕ್ಟರು ಹೇಳಿದ ಹೆಸರು ಒಂದು, ಬಾಂಡಿನಲ್ಲಿ ಅಚ್ಚಾದ ಅರ್ಥ ಇನ್ನೊಂದು; ದುಡ್ಡು ಬರುವುದು ಎರಡನೆಯದರ ಮೇಲೆ.

ಸತ್ತರೆ ಸಿಗದ ವಿಮೆಯೂ ಇದೆ! ಬಹುಪಾಲು ಗಂಭೀರ ಕಾಯಿಲೆ ಪಾಲಿಸಿಗಳಲ್ಲಿ ಕಾಯಿಲೆ ಖಚಿತವಾದ ಮೇಲೆ ಸಾಮಾನ್ಯವಾಗಿ 30 ದಿನ ಬದುಕಿರಬೇಕೆಂಬ ಷರತ್ತು ಇರುತ್ತದೆ.

ಯಶಸ್ವಿನಿಗೂ ಗಂಭೀರ ಕಾಯಿಲೆಯ ಪಾಲಿಸಿಗೂ ಏನು ವ್ಯತ್ಯಾಸ? ನಾರಾಯಣ ಹೃದಯಾಲಯದ ಡಾ. ದೇವಿ ಶೆಟ್ಟಿಯವರ ಒತ್ತಾಸೆಯಿಂದ ಸಹಕಾರ ಸಂಘದ ರೈತರಿಗಾಗಿ 2003ರಲ್ಲಿ ಜಾರಿಗೆ ಬಂದಾಗ ಯಶಸ್ವಿನಿಯ ಕಂತು ವರ್ಷಕ್ಕೆ 60 ರೂಪಾಯಿ. 2018ರಲ್ಲಿ ಆರೋಗ್ಯ ಕರ್ನಾಟಕದಲ್ಲಿ ಕರಗಿ, 2023ರ ಜನವರಿಯಿಂದ ಮತ್ತೆ ಎದ್ದು ಬಂತು. ಹಳ್ಳಿಯ ನಾಲ್ವರ ಕುಟುಂಬಕ್ಕೆ 500 ರೂಪಾಯಿ, 5 ಲಕ್ಷದವರೆಗೆ ಚಿಕಿತ್ಸೆ. ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲೂ ವರ್ಷಕ್ಕೆ 5 ಲಕ್ಷ. ಇವು ಆಸ್ಪತ್ರೆಗೆ ದುಡ್ಡು ಕೊಡುತ್ತವೆ, ನಿಮಗಲ್ಲ. ಚಾಮರಾಜನಗರದ ಯಡಬೆಟ್ಟದ ತಪ್ಪಲಲ್ಲಿ ವೈದ್ಯಕೀಯ ಕಾಲೇಜಿನ 450 ಹಾಸಿಗೆಯ ಆಸ್ಪತ್ರೆ 2021ರಲ್ಲಿ ಬಂದರೂ ಹೃದಯದ ದೊಡ್ಡ ಕೆಲಸಕ್ಕೆ ಮೈಸೂರಿನ ಜಯದೇವದ ದಾರಿ, ಕ್ಯಾನ್ಸರಿಗೆ ಬೆಂಗಳೂರಿನ ಕಿದ್ವಾಯಿಯ ದಾರಿ ಹಿಡಿಯುವವರೇ ಹೆಚ್ಚು. ಬಸ್ಸಿನ ಚಾರ್ಜು, ಜೊತೆಗಿದ್ದವರ ಊಟ, ಬಿಟ್ಟ ಕೂಲಿ, ಹಾಲು ಕರೆಯಲು ಆಳು, ಕಿತ್ತು ಬೇಯಿಸದೆ ಉಳಿದ ಅರಿಶಿನ, ಇದಕ್ಕೆಲ್ಲ ಯಾವ ಕಾರ್ಡೂ ಇಲ್ಲ. ಇಡುಗಂಟು ಕೊಡುವ ಪಾಲಿಸಿ ಬಿಲ್ಲು ಕೇಳುವುದಿಲ್ಲ. ಚಿಕಿತ್ಸೆ ಪೂರ್ತಿ ಪುಕ್ಕಟೆ ಆಗಿದ್ದರೂ ಮೊತ್ತ ಕೊಡುತ್ತದೆ, ಅದನ್ನು ಸೊಸೈಟಿ ಸಾಲಕ್ಕೆ ಕಟ್ಟಿದರೂ ಕೇಳುವವರಿಲ್ಲ.

ಬಾಂಡಿಗೆ ಅಂಟಿಸುವ ‘ರೈಡರ್’ ಎರಡು ಥರ. ಒಂದರಲ್ಲಿ ಕಾಯಿಲೆಯ ದುಡ್ಡು ಬೇರೆ, ಸಾವಿನ ದುಡ್ಡು ಬೇರೆ. ಇನ್ನೊಂದು ಗೊನೆಯಿಂದ ಮೊದಲೇ ನಾಲ್ಕು ಚಿಪ್ಪು ಕೊಯ್ದುಕೊಂಡ ಹಾಗೆ. ಕೊಯ್ದಷ್ಟು ಗೊನೆ ಕಡಿಮೆ. ಎರಡನೆಯದು ಅಗ್ಗ, ಆದರೆ ಅದನ್ನು ಮಾರುವಾಗ ಗೊನೆ ಕಡಿಮೆಯಾಗುವ ಮಾತು ಮೆಲ್ಲಗೆ ಬರುತ್ತದೆ. ಈ ಮುಂಗಡದ ಪದ್ಧತಿಗೆ ಬಲ ಬಂದದ್ದು ಕೆನಡಾದಲ್ಲಿ, ಏಡ್ಸ್ ಕಾಲದಲ್ಲಿ. ಪ್ರುಡೆನ್ಶಿಯಲ್‌ನ ಅಲ್ಲಿನ ಅಧ್ಯಕ್ಷ ರಾನ್ ಬಾರ್ಬರೊ ಟೊರಾಂಟೊದ ಏಡ್ಸ್ ಶುಶ್ರೂಷಾಲಯಕ್ಕೆ ಹೋಗಿ, ಸಾಯುತ್ತಿದ್ದವರನ್ನು ಕಂಡು ಬಂದು, ಅವರ ಪಾಲಿಸಿಯ ಹಣ ಅವರಿಗೇ ಸಿಗುವಂತೆ ಮಾಡಿದರು. ಅದೇ ಕಾಲದಲ್ಲಿ ಅಮೆರಿಕದಲ್ಲಿ ರೋಗಿಗಳು ಪಾಲಿಸಿಯನ್ನು ಮಾರಿಕೊಳ್ಳುವ ವ್ಯಾಪಾರವೂ ಹುಟ್ಟಿತು. ಅದರ ಹೆಸರು ‘ವಯಾಟಿಕಲ್’. ಲ್ಯಾಟಿನ್ ಮೂಲದ ಅರ್ಥ ದಾರಿಬುತ್ತಿ.

  

ಬದನಗುಪ್ಪೆಗೆ ಹೋಗುವ ಮಗನ ಇಎಸ್‌ಐ ಚೀಟಿಯನ್ನು ಅಸಡ್ಡೆ ಮಾಡಬೇಡಿ. ಕ್ಷಯ, ಕ್ಯಾನ್ಸರ್ ಸೇರಿ 34 ದೀರ್ಘ ಕಾಯಿಲೆಗಳಿಗೆ ಅದು ದಿನಗೂಲಿಯ ಶೇ. 80ರಷ್ಟನ್ನು ಎರಡು ವರ್ಷದವರೆಗೂ ಕೊಡಬಲ್ಲದು. ಕೆಲಸ ಮಾಡಿರಬೇಕಾದ ಅವಧಿಯ ಷರತ್ತು ಉಂಟು.

ಎಲೆ–ಅಡಿಕೆಯ ಜೊತೆ ಹೊಗೆಸೊಪ್ಪು ಹಾಕುತ್ತೀರಾ? ಪಾಲಿಸಿಯ ಫಾರಂನಲ್ಲಿ ‘ಇಲ್ಲ’ ಎಂದು ಏಜೆಂಟು ಬರೆದರೆ ತಡೆಯಿರಿ. ಫಾರಂ ಇಂಗ್ಲಿಷಿನಲ್ಲಿದ್ದು ಸಹಿ ಕನ್ನಡದಲ್ಲಿದ್ದರೆ, ಪ್ರಶ್ನೆಗಳನ್ನು ಕನ್ನಡದಲ್ಲಿ ವಿವರಿಸಿದ್ದೇನೆ ಎಂದು ಓದಿ ಹೇಳಿದವರೇ ಬರೆದುಕೊಡಬೇಕು. ಆ ಜಾಗ ಬಹಳ ಸಲ ಓದದೆಯೇ ತುಂಬಿರುತ್ತದೆ. ವಿಮಾ ಕಾಯ್ದೆಯ 45ನೇ ಕಲಮಿನ ಪ್ರಕಾರ ಮೂರು ವರ್ಷ ದಾಟಿದ ಜೀವವಿಮೆಯನ್ನು ಕಂಪನಿ ಪ್ರಶ್ನಿಸುವಂತಿಲ್ಲ. ತೊಂದರೆ ಆಗುವುದು ಮೂರರೊಳಗೆ ಮಲಗಿದವರಿಗೆ.

ಬಾಂಡು ಕೈಸೇರಿದ ಮೇಲೆ 30 ದಿನದೊಳಗೆ ಬೇಡ ಎಂದು ಹಿಂದಿರುಗಿಸಬಹುದು. ಮೊದಲು ಸಾಮಾನ್ಯವಾಗಿ 15 ದಿನ ಇತ್ತು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವ ಮತ್ತು ಆರೋಗ್ಯ ವಿಮೆಯ ಕಂತಿಗೆ ಜಿಎಸ್‌ಟಿ ಇಲ್ಲ. ಹಳೆಯ ಶೇ. 18 ಸೇರಿಸಿ ಕೇಳಿದರೆ ರಸೀದಿ ತೋರಿಸಿ ಅನ್ನಿ.

ಕ್ಲೈಮು ತಿರಸ್ಕಾರವಾದರೆ ಮೊದಲು ಕಂಪನಿಗೇ ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ವರ್ಷದೊಳಗೆ ಬೆಂಗಳೂರಿನ ಜೆ.ಪಿ. ನಗರದ ಜೀವನ್ ಸೌಧದಲ್ಲಿರುವ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ದೂರು ಕೊಡಬಹುದು. 50 ಲಕ್ಷದವರೆಗಿನ ತಕರಾರು ಅಲ್ಲಿ ತೀರ್ಮಾನವಾಗುತ್ತದೆ. ಶುಲ್ಕ ಇಲ್ಲ. ವಕೀಲರಿಗೆ ಪ್ರವೇಶವೂ ಇಲ್ಲ.