ಪಿಂಚಣಿದಾರರ ಲೈನು

2007. ಜರ್ಮನಿಯ ಡಿಂಗೋಲ್ಫಿಂಗ್‌ನಲ್ಲಿರುವ ಬಿಎಂಡಬ್ಲ್ಯು ಕಾರ್ಖಾನೆ. ಹತ್ತು ವರ್ಷ ಕಳೆದರೆ ಕಾರ್ಮಿಕರ ಸರಾಸರಿ ವಯಸ್ಸು 39ರಿಂದ 47ಕ್ಕೇರುತ್ತದೆ ಎಂಬ ಲೆಕ್ಕ ಮ್ಯಾನೇಜರುಗಳ ನಿದ್ದೆ ಕೆಡಿಸಿತ್ತು.

ಅವರು ಕಾಯಲಿಲ್ಲ. ಹಿರಿಯರು, ಕಿರಿಯರು ಸೇರಿ 42 ಮಂದಿಯ ಒಂದು ಉತ್ಪಾದನಾ ಲೈನನ್ನು ಆಗಲೇ ಸರಾಸರಿ 47ರ ವಯಸ್ಸಿಗೆ ಹೊಂದಿಸಿಬಿಟ್ಟರು. ಅದಕ್ಕೆ ಬಿದ್ದ ಅಡ್ಡಹೆಸರು 'ಪಿಂಚಣಿದಾರರ ಲೈನು'!

ಆಮೇಲಿನದೇ ಸ್ವಾರಸ್ಯ. ಎಲ್ಲಿ ನೋವು, ಏನು ಬೇಕು ಎಂದು ಕೆಲಸಗಾರರನ್ನೇ ಕೇಳಿದರು. ಮರದ ನೆಲ ಬಂತು (ಅದು ಇಪ್ಪತ್ತೈದರ ಮಂಡಿಗೂ ಆರಾಮವೇ ತಾನೆ?). ಕೂರಲು ಕುರ್ಚಿ, ಸಣ್ಣ ಭಾಗಗಳನ್ನು ನೋಡಲು ಭೂತಗನ್ನಡಿ, ಪರದೆಯಲ್ಲಿ ದೊಡ್ಡ ಅಕ್ಷರ. ಒಟ್ಟು 70 ಬದಲಾವಣೆ, ಖರ್ಚು ಸುಮಾರು 40,000 ಯೂರೋ. ಕಾರು ಕಂಪನಿಗೆ ಇದು ಚಿಲ್ಲರೆ ಕಾಸು.

ವರ್ಷದೊಳಗೆ ಉತ್ಪಾದಕತೆ ಶೇ 7ರಷ್ಟು ಏರಿ, ಯುವಕರೇ ಹೆಚ್ಚಿದ್ದ ಲೈನುಗಳಿಗೆ ಸರಿಸಮ ಬಂತು. ಗೈರುಹಾಜರಿಯೂ ಇಳಿಯಿತು.